ಗಣಕದ ಚಿತ್ರಸ್ಮೃತಿಯೂ ಗಾಜಿನ ತೆರೆಯೂ

ಕಂಪ್ಯೂಟರಿನ ತೆರೆಯ ಮೇಲೆ ಕಾಣುವ ಚಿತ್ರವು ಗೋಡೆಗೆ ತೂಗುಹಾಕಿದ ಪಟದಂತೆ ಅಲ್ಲಿ ಸ್ಥಿರವಾಗಿ ನಿಂತಿರುವುದೆಂದೇ ನಾವೆಲ್ಲರೂ ವ್ಯವಹರಿಸುತ್ತೇವೆ. ಯಥಾರ್ಥವು ಹಾಗಿಲ್ಲ. ಯಂತ್ರದ ಒಳಗೆ ಅಂಕಿಗಳ ದೊಡ್ಡದೊಂದು ಪಟ್ಟಿಯುಂಟು. ಆ ಪಟ್ಟಿಯನ್ನು ಮೊದಲಿನಿಂದ ಕಡೆಯವರೆಗೆ, ಸಾಮಾನ್ಯವಾಗಿ ಸೆಕೆಂಡಿಗೆ ೬೦ ಸಲ, ಒಂದು ಸಾಧನವು ಎಡೆಬಿಡದೆ ಓದುತ್ತಿರುತ್ತದೆ. ಆ ಓದೇ ಬೆಳಕಾಗಿ ತೆರೆಯ ಮೇಲೆ ಹರಡುತ್ತದೆ. ಕತ್ತಲಲ್ಲಿ ಕೊಳ್ಳಿಯನ್ನು ಬೀಸಿ ತಿರುಗಿಸಿದರೆ ಬೆಂಕಿಯ ಬಳೆಯೊಂದು ಕಾಣಿಸುವುದಷ್ಟೆ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಅಲಾತಚಕ್ರವೆಂದು ಹೆಸರು. ಗೌಡಪಾದರ ಮಾಂಡೂಕ್ಯಕಾರಿಕೆಗಳ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿಯೆಂಬ ಹೆಸರು ಬಂದುದು ಈ ದೃಷ್ಟಾಂತದಿಂದಲೇ. ಅವರ ತಾತ್ಪರ್ಯವು ಬೇರೆ, ನಮ್ಮ ವಿಷಯವು ಬೇರೆ. ಆದರೂ ಹಳೆಯ ಗಾಜಿನ ನಳಿಗೆಯ ತೆರೆಗಳಿಗೆ ಈ ದೃಷ್ಟಾಂತವು ಅಕ್ಷರಶಃ ಹೊಂದುತ್ತದೆ.

ಈ ಪಟ್ಟಿಗೆ ಯಂತ್ರಜ್ಞರು ಫ್ರೇಮ್ ಬಫರ್ ಎಂದು ಹೆಸರಿಟ್ಟಿದ್ದಾರೆ. ಕಂಪ್ಯೂಟರಿನ ಮೆಮೊರಿಯಲ್ಲಿ ಚಿತ್ರಕ್ಕೆಂದು ಮೀಸಲಾದ ಭಾಗವಿದು. ಈ ಲೇಖನದಲ್ಲಿ ಇದನ್ನು ಚಿತ್ರಸ್ಮೃತಿಯೆಂದು ಕರೆಯುವೆನು. ತೆರೆಯ ಒಂದೊಂದು ಚುಕ್ಕಿಗೂ, ಎಂದರೆ ಪಿಕ್ಸೆಲ್ಲಿಗೂ, ಅಲ್ಲಿ ಒಂದೊಂದು ಮನೆಯುಂಟು; ಆ ಮನೆಯಲ್ಲಿ ಬರೆದಿರುವ ಅಂಕಿಯೇ ಆ ಚುಕ್ಕಿಯ ಬಣ್ಣವನ್ನು ನಿರ್ಣಯಿಸುತ್ತದೆ. ಕಂಪ್ಯೂಟರಿನ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಲೆಕ್ಕಮಾಡುವ ಭಾಗದ ವೇಗವನ್ನೇ ಕೊಂಡಾಡುತ್ತಾರೆ. ತೆರೆಯ ಚರಿತ್ರೆಗೆ ಆ ಮಾರ್ಗವು ಸಲ್ಲದೆಂದು ನನ್ನ ಅಭಿಪ್ರಾಯ. ಇಲ್ಲಿ ಒಂದೇ ಸ್ಮೃತಿಯನ್ನು ಇಬ್ಬರು ಬಯಸುತ್ತಾರೆ: ಚಿತ್ರವನ್ನು ಬರೆಯುವವನೊಬ್ಬನು, ತೆರೆಗಾಗಿ ಓದುವವನೊಬ್ಬನು. ಬರೆಯುವವನು ಬೇಕಾದರೆ ಕಾಯಬಲ್ಲನು. ಓದುವವನು ಕ್ಷಣಮಾತ್ರವೂ ಕಾಯಲಾರನು, ಏಕೆಂದರೆ ತೆರೆಯ ಮೇಲೆ ಓಡುವ ಕಿರಣವು ಯಾರಿಗಾಗಿಯೂ ನಿಲ್ಲುವುದಿಲ್ಲ. ಇವರಿಬ್ಬರ ವ್ಯಾಜ್ಯವು ಹೇಗೆ ಹೇಗೆ ತೀರ್ಮಾನವಾಯಿತು, ಆ ತೀರ್ಮಾನಕ್ಕೆ ಮೆಮೊರಿಯ ಬೆಲೆಯು ಹೇಗೆ ಅಡ್ಡಬಂದಿತು, ಎಂಬುದೇ ಈ ಚರಿತ್ರೆಯ ಸಾರಾಂಶವು.

ಮೊದಲು ಕಿರಣದ ವಿಚಾರ. ಸ್ಟ್ರಾಸ್‌ಬರ್ಗಿನ ಕಾರ್ಲ್ ಫರ್ಡಿನಂಡ್ ಬ್ರೌನ್ ಎಂಬ ವಿದ್ವಾಂಸರು ೧೮೯೭ರಲ್ಲಿ ಕ್ಯಾಥೋಡ್ ಕಿರಣದ ನಳಿಗೆಯನ್ನು ರಚಿಸಿದರು. ಗಾಳಿ ತೆಗೆದ ಗಾಜಿನ ಪಾತ್ರೆಯೊಳಗೆ ಎಲೆಕ್ಟ್ರಾನುಗಳ ಕಿರಣವು ಹೊರಟು, ಮುಖದ ಒಳಭಾಗಕ್ಕೆ ಬಳಿದಿರುವ ದ್ರವ್ಯಕ್ಕೆ ತಗುಲಿದ ಕಡೆ ಬೆಳಕಿನ ಚುಕ್ಕಿಯೊಂದು ಮೂಡುತ್ತದೆ. ಟೆಲಿವಿಷನ್ನಿನವರು ಈ ಚುಕ್ಕಿಗೆ ಓದುಗನ ಕಣ್ಣಿನ ನಡೆಯನ್ನು ಕಲಿಸಿದರು: ಎಡದಿಂದ ಬಲಕ್ಕೆ ಒಂದು ಸಾಲು; ಸಾಲು ಮುಗಿದೊಡನೆ ಬೆಳಕನ್ನು ಆರಿಸಿಕೊಂಡು ಮತ್ತೆ ಎಡಕ್ಕೆ; ಕಡೆಯ ಸಾಲಾದಮೇಲೆ ಹಾಗೆಯೇ ಕತ್ತಲಲ್ಲಿ ಮತ್ತೆ ಮೇಲಕ್ಕೆ. ಅಮೆರಿಕಾದಲ್ಲಿ ೧೯೪೧ರಲ್ಲಿ ಗೊತ್ತುಮಾಡಿದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ ೫೨೫ ಸಾಲು, ಸೆಕೆಂಡಿಗೆ ೩೦ ಚಿತ್ರ. ಗುಣಿಸಿ ನೋಡಿದರೆ ಸೆಕೆಂಡಿಗೆ ೧೫,೭೫೦ ಸಾಲುಗಳಾಗುತ್ತವೆ. ಒಂದು ಸಾಲಿಗೆ ಸಿಕ್ಕುವ ಕಾಲವು ಸೆಕೆಂಡಿನ ಹತ್ತುಲಕ್ಷದಲ್ಲಿ ೬೩ ಭಾಗಕ್ಕಿಂತ ತುಸು ಹೆಚ್ಚು ಅಷ್ಟೆ. ಕಿರಣವು ಹಿಂದಿರುಗುವ ಆ ಕತ್ತಲಿನ ಅವಧಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವು ಬಹಳ ಪ್ರಯೋಜನಕ್ಕೆ ಬರುತ್ತವೆ.

ಸೋಜಿಗದ ಸಂಗತಿಯೆಂದರೆ, ಈ ನಳಿಗೆಯು ಕಂಪ್ಯೂಟರಿನೊಳಕ್ಕೆ ಮೊದಲು ಪ್ರವೇಶಿಸಿದ್ದು ಚಿತ್ರವನ್ನು ತೋರಿಸುವುದಕ್ಕಲ್ಲ, ನೆನಪಿಡುವುದಕ್ಕೆ. ಎರಡನೆಯ ಮಹಾಯುದ್ಧದಲ್ಲಿ ರೇಡಾರಿನ ಕೆಲಸಮಾಡಿದ್ದ ಎಫ್. ಸಿ. ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ಎಂಬವರು ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯದಲ್ಲಿ ನಳಿಗೆಯ ಮುಖದ ಮೇಲೆ ವಿದ್ಯುದಾವೇಶದ ಚುಕ್ಕಿಗಳನ್ನಿಟ್ಟು, ಚುಕ್ಕಿಯ ಒಂದು ರೂಪಕ್ಕೆ ಸೊನ್ನೆಯೆಂದೂ ಇನ್ನೊಂದಕ್ಕೆ ಒಂದೆಂದೂ ಸಂಕೇತಮಾಡಿದರು. ೩೨ ಸಾಲು, ಸಾಲಿಗೆ ೩೨ ಚುಕ್ಕಿ, ಒಟ್ಟು ೧,೦೨೪. ೧೯೪೮ನೆಯ ಜೂನ್ ೨೧ರಂದು ಈ ಸ್ಮೃತಿಯನ್ನಾಶ್ರಯಿಸಿದ ಚಿಕ್ಕ ಯಂತ್ರವು ೨,೬೨,೧೪೪ ಎಂಬ ಸಂಖ್ಯೆಯ ಅತಿದೊಡ್ಡ ಅಪವರ್ತನವನ್ನು ೫೨ ನಿಮಿಷಗಳಲ್ಲಿ ಕಂಡುಹಿಡಿಯಿತು. ಎರಡನ್ನು ಹದಿನೆಂಟು ಸಲ ಗುಣಿಸಿದರೆ ಬರುವ ಸಂಖ್ಯೆಯದು. ಅದರ ಅರ್ಧವೇ ಉತ್ತರವೆಂದು ಮಿಡ್ಲ್ ಸ್ಕೂಲಿನ ಹುಡುಗನೂ ಹೇಳಿಯಾನು. ಉತ್ತರವು ಮೊದಲೇ ಗೊತ್ತಿದ್ದುದರಿಂದಲೇ ಅದನ್ನು ಪರೀಕ್ಷೆಗೆ ಆರಿಸಿದ್ದು.

ನಳಿಗೆಯ ಮೇಲಿನ ಆವೇಶವು ಸೆಕೆಂಡಿನ ಅಲ್ಪಭಾಗದಲ್ಲಿಯೇ ಸೋರಿಹೋಗುತ್ತಿತ್ತು. ಆದಕಾರಣ ಸೋರುವುದಕ್ಕೆ ಮುಂಚೆ ಓದಿ, ಓದಿದ್ದನ್ನು ಅಲ್ಲಿಯೇ ಮತ್ತೆ ಬರೆಯಬೇಕಾಗಿತ್ತು. ಆವೃತ್ತಿ ತಪ್ಪಿದರೆ ಪಾಠಶಾಲೆಯ ವಿದ್ಯಾರ್ಥಿಗೆ ಒದಗುವ ಗತಿಯೇ ಈ ಸ್ಮೃತಿಗೂ ಒದಗುತ್ತಿತ್ತು. ಚುಕ್ಕಿಗಳನ್ನು ಗ್ರಹಿಸುವ ಲೋಹದ ಫಲಕವು ಮುಖವನ್ನು ಮುಚ್ಚಿದ್ದುದರಿಂದ ಆ ನಳಿಗೆಯನ್ನು ಕಣ್ಣಿನಿಂದ ನೋಡುವಂತಿರಲಿಲ್ಲ. ಅದಕ್ಕೆಂದು ಇನ್ನೊಂದು ನಳಿಗೆಯಲ್ಲಿ ಅದೇ ಚುಕ್ಕಿಗಳನ್ನು ತೋರಿಸುತ್ತಿದ್ದರು. ಸ್ಮೃತಿಯಲ್ಲಿ ಏನಿದೆಯೋ ಅದೇ ತೆರೆಯ ಮೇಲೆ! ಹ್ಯಾರೋ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಕ್ರಿಸ್ಟೋಫರ್ ಸ್ಟ್ರೇಚಿಯವರು ಇದನ್ನೇ ಉಪಯೋಗಿಸಿಕೊಂಡು, ಮುಂದೆ ಮ್ಯಾಂಚೆಸ್ಟರಿನಲ್ಲಿ ಸ್ಥಾಪಿತವಾದ ಫೆರಾಂಟಿ ಯಂತ್ರದಲ್ಲಿ ೧೯೫೨ರಲ್ಲಿ ಡ್ರಾಫ್ಟ್ಸ್ ಎಂಬ ಮಣೆಯಾಟವನ್ನು ಆಡಿಸಿ, ಮಣೆಯ ಚಿತ್ರವನ್ನು ನಳಿಗೆಯ ಮೇಲೆ ಮೂಡಿಸಿದರು. ಉಪಾಧ್ಯಾಯರಿಗೆ ಬಿಡುವು ದೊರೆತರೆ ಏನೇನು ನಡೆಯುವುದೆಂಬುದಕ್ಕೆ ಇದೊಂದು ನಿದರ್ಶನ.

ಇಷ್ಟು ಚೆನ್ನಾದ ಆರಂಭವಾದಮೇಲೆ ಚಿತ್ರಸ್ಮೃತಿಯು ಕೂಡಲೇ ಬೆಳೆಯಬೇಕಾಗಿತ್ತಲ್ಲವೇ? ಬೆಳೆಯಲಿಲ್ಲ. ಮುಂದಿನ ಇಪ್ಪತ್ತು ವರ್ಷ ಅಮೆರಿಕಾದವರು ಬೇರೊಂದು ದಾರಿಯನ್ನು ಹಿಡಿದರು. ರಂಗವಲ್ಲಿಯಲ್ಲಿ ಚುಕ್ಕಿಯೂ ಉಂಟು, ಎಳೆಯೂ ಉಂಟು. ಇವರು ಚುಕ್ಕಿಗಳನ್ನು ಬಿಟ್ಟು ಎಳೆಗಳನ್ನು ಹಿಡಿದರೆನ್ನಬಹುದು. ಕಿರಣವು ತೆರೆಯನ್ನೆಲ್ಲ ಗುಡಿಸಿಕೊಂಡು ಹೋಗುವುದಕ್ಕೆ ಬದಲಾಗಿ ರೇಖೆಯಿದ್ದ ಕಡೆಗೆ ಮಾತ್ರ ಹೋಗಿ ಅದನ್ನು ಎಳೆದು ಬರುವುದು. ಸ್ಮೃತಿಯಲ್ಲಿ ರೇಖೆಯ ಸ್ಥಾನವನ್ನಷ್ಟೇ ಬರೆದಿಟ್ಟರೆ ಸಾಕು. ೧೯೬೩ರಲ್ಲಿ ಇವಾನ್ ಸದರ್ಲೆಂಡ್ ಅವರು ಲಿಂಕನ್ ಲ್ಯಾಬೊರೇಟರಿಯ ಟಿಎಕ್ಸ್-೨ ಯಂತ್ರದಲ್ಲಿ ರಚಿಸಿದ ಸ್ಕೆಚ್‌ಪ್ಯಾಡ್ ಎಂಬ ಪ್ರಸಿದ್ಧ ಕಾರ್ಯಕ್ರಮದಲ್ಲಿಯೂ ಸ್ಮೃತಿಯು ಕಿರಣಕ್ಕೆ ಹೇಳಿಕೊಡುತ್ತಿದ್ದುದು ಆಕೃತಿಯ ರೇಖೆ ವೃತ್ತಗಳು ಹಾಯುವ ಸ್ಥಾನಗಳನ್ನಷ್ಟೆ. ಬರಿದಾದ ತೆರೆಯ ಲೆಕ್ಕವನ್ನು ಅದು ಇಡುತ್ತಿರಲಿಲ್ಲ. ಈ ಮಾರ್ಗದ ದೋಷಗಳು ಎರಡು. ರೇಖೆಗಳು ಹೆಚ್ಚಿದರೆ ಕಿರಣವು ಮೊದಲನೆಯ ರೇಖೆಗೆ ಮರಳುವಷ್ಟರಲ್ಲಿ ಅದು ಮಂಕಾಗಿ ಚಿತ್ರವು ಮಿನುಗತೊಡಗುತ್ತದೆ. ಎರಡನೆಯದು, ಅಂಚನ್ನು ಬರೆಯಬಹುದಲ್ಲದೆ ಒಳಗನ್ನು ತುಂಬಲಾಗದು. ಮನುಷ್ಯನ ಮುಖದ ನೆರಳುಬೆಳಕುಗಳಿಗೆ ಅಲ್ಲಿ ಗತಿಯಿಲ್ಲ.

ದೋಷವು ತಿಳಿದಿದ್ದರೂ ಅದನ್ನೇ ಹಿಡಿದಿದ್ದುದಕ್ಕೆ ಕಾರಣ ಬೆಲೆ. ಸಾಲಿಗೆ ೬೪೦ ಚುಕ್ಕಿಯಂತೆ ೪೮೦ ಸಾಲುಗಳ ಚಿತ್ರವನ್ನು ತೆಗೆದುಕೊಳ್ಳೋಣ. ಚುಕ್ಕಿಗಳು ೩,೦೭,೨೦೦. ಚುಕ್ಕಿಗೆ ಎಂಟು ಬಿಟ್ಟುಗಳಂತೆ ೨೪,೫೭,೬೦೦ ಬಿಟ್ಟುಗಳು ಬೇಕು. ೧೯೭೦ರಲ್ಲಿ ಇಂಟೆಲ್ ಕಂಪೆನಿಯವರು ಹೊರತಂದ ೧೧೦೩ ಎಂಬ ಮೆಮೊರಿ ಚಿಪ್ಪು ಆಗಿನ ಕಾಲಕ್ಕೆ ಹೆಮ್ಮೆಯ ವಸ್ತು. ಅದರಲ್ಲಿ ಹಿಡಿಯುತ್ತಿದ್ದುದು ೧,೦೨೪ ಬಿಟ್ಟು. ಒಂದೇ ಒಂದು ಚಿತ್ರಕ್ಕೆ ೨,೪೦೦ ಚಿಪ್ಪುಗಳಾದವು! ಲೆಕ್ಕಮಾಡುವ ಯಂತ್ರಕ್ಕಿಂತ ಚಿತ್ರದ ಸ್ಮೃತಿಯೇ ದೊಡ್ಡದಾದರೆ ಕೊಳ್ಳುವವರು ಯಾರು? ಬೆಲ್ ಲ್ಯಾಬೊರೇಟರಿಯ ಮೈಕೇಲ್ ನಾಲ್ ಎಂಬವರು ಕಂಪ್ಯೂಟರಿನ ಮೆಮೊರಿಯಿಂದಲೇ ಸಾಲುಸಾಲಾಗಿ ಚಿತ್ರವನ್ನು ಓದಿ ತೋರಿಸುವ ಪದ್ಧತಿಯನ್ನು ರಚಿಸಿ ೧೯೭೧ರಲ್ಲಿ ಪ್ರಕಟಿಸಿದ್ದರು. ಆದರೆ ಅದನ್ನು ಬಣ್ಣದ ಚಿತ್ರಕಲೆಗೆ ಒದಗಿಸಿದ ಕೀರ್ತಿಯು ರಿಚರ್ಡ್ ಷೂಪ್ ಅವರಿಗೆ ಸಲ್ಲತಕ್ಕದ್ದು.

ಷೂಪ್ ಅವರು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ನಗರದಲ್ಲಿದ್ದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿದ್ದರು. ಬೇಕೆಂದ ಮನೆಯನ್ನು ಬೇಕೆಂದಾಗ ತೆರೆಯುವ ಮೆಮೊರಿಯು ದುಬಾರಿಯಾದುದರಿಂದ ಅವರು ಶಿಫ್ಟ್ ರಿಜಿಸ್ಟರ್ ಎಂಬ ಅಗ್ಗದ ಜಾತಿಯನ್ನು ಆರಿಸಿದರು. ಇದರಲ್ಲಿ ಬಿಟ್ಟುಗಳು ಒಂದರ ಹಿಂದೊಂದು ಸಾಗಿ, ಕಡೆಯಿಂದ ಹೊರಬಿದ್ದು, ಮತ್ತೆ ಮೊದಲಿಗೆ ಸೇರಿಕೊಳ್ಳುತ್ತವೆ. ಬಾವಿಯಿಂದ ನೀರೆತ್ತುವ ಘಟೀಯಂತ್ರವೇ ಸರಿ: ಗಡಿಗೆಗಳು ಸರದಿಯಂತೆ ಮೇಲಕ್ಕೆ ಬರುತ್ತವೆ, ಬೇಕಾದ ಗಡಿಗೆಯು ಬರುವವರೆಗೆ ಕಾಯಬೇಕು. ಗಡಿಗೆಗಳ ಈ ನಡೆಯನ್ನು ಟೆಲಿವಿಷನ್ ಕಿರಣದ ನಡೆಗೆ ಹೊಂದಿಸಿದುದೇ ಷೂಪ್ ಅವರ ಬುದ್ಧಿಕೌಶಲ. ಕಿರಣವು ಯಾವ ಚುಕ್ಕಿಗೆ ಬಂದಿರುವುದೋ ಅದೇ ಚುಕ್ಕಿಯ ಅಂಕಿಯು ಅದೇ ಕ್ಷಣದಲ್ಲಿ ಹೊರಕ್ಕೆ ಬರುವುದು. ಓದುವವನಿಗೆ ಇದರಿಂದ ಪರಮಸುಖ. ಬರೆಯುವವನು ಮಾತ್ರ ತನ್ನ ಚುಕ್ಕಿಯ ಸರದಿಗಾಗಿ ಹೆಚ್ಚೆಂದರೆ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಕಾಯಬೇಕಾಗಿತ್ತು. ಮನುಷ್ಯನ ಕೈಯ ವೇಗಕ್ಕೆ ಈ ಕಾಯುವಿಕೆಯು ಲೆಕ್ಕಕ್ಕೇ ಬಾರದು. ಈ ಸಾಧನಕ್ಕೆ ಸೂಪರ್‌ಪೇಂಟ್ ಎಂದು ಹೆಸರಾಯಿತು. ೧೯೭೩ನೆಯ ಏಪ್ರಿಲ್ ತಿಂಗಳಲ್ಲಿ ಅದರಲ್ಲಿ ಹಿಡಿದ ಮೊದಲನೆಯ ಚಿತ್ರದಲ್ಲಿ ಷೂಪ್ ಅವರೇ ಒಂದು ಬರಹವನ್ನು ಹಿಡಿದುಕೊಂಡಿದ್ದಾರೆ: ‘ಕೆಲಸವೇನೋ ಮಾಡುತ್ತದೆ, ಒಂದು ಬಗೆಯಲ್ಲಿ’ ಎಂದು ಅದರ ಅರ್ಥ. ದೊಡ್ಡ ಕೆಲಸವನ್ನು ಮಾಡಿದವರ ಇಂಥ ಅಡಗಿದ ಮಾತು ನನಗೆ ಬಹಳ ಮೆಚ್ಚಿಕೆಯಾಗಿದೆ.

ಬಣ್ಣವು ಕಚೇರಿಯ ಕೆಲಸಕ್ಕೆ ಬೇಕಾದುದಲ್ಲವೆಂಬುದು ಜೆರಾಕ್ಸ್ ಅಧಿಕಾರಿಗಳ ಎಣಿಕೆ. ಸೂಪರ್‌ಪೇಂಟಿನಲ್ಲಿ ಚಿತ್ರ ಬರೆಯುತ್ತಿದ್ದ ಆಲ್ವಿ ರೇ ಸ್ಮಿತ್ ಅವರು ಕೆಲಸವನ್ನು ಕಳೆದುಕೊಂಡು, ನ್ಯೂಯಾರ್ಕಿನ ಒಂದು ವಿದ್ಯಾಸಂಸ್ಥೆಯನ್ನು ಸೇರಿದರು. ಅಲ್ಲಿಗೆ ಎವನ್ಸ್ ಮತ್ತು ಸದರ್ಲೆಂಡ್ ಕಂಪೆನಿಯ ಚಿತ್ರಸ್ಮೃತಿಯು ಬಂದಿತು. ಅದರಲ್ಲಿ ೫೧೨ ಸಾಲು, ಸಾಲಿಗೆ ೫೧೨ ಚುಕ್ಕಿ. ಎಳೆಗಳ ಮಾರ್ಗಕ್ಕೆ ಕೀರ್ತಿ ತಂದ ಸದರ್ಲೆಂಡರೇ ಚುಕ್ಕಿಗಳ ಸ್ಮೃತಿಯನ್ನು ಮಾರಾಟಕ್ಕಿಟ್ಟ ಕಂಪೆನಿಯ ಪಾಲುಗಾರರೆಂಬುದನ್ನು ಗಮನಿಸಬೇಕು. ಅಲ್ಲಿಯೇ ಇಂಥ ಮೂರು ಸ್ಮೃತಿಗಳನ್ನು ಜೋಡಿಸಿ, ಕೆಂಪು, ಹಸಿರು, ನೀಲಿಗಳಿಗೆ ಒಂದೊಂದನ್ನು ಕೊಟ್ಟು, ಚುಕ್ಕಿಗೆ ೨೪ ಬಿಟ್ಟುಗಳ ಪೂರ್ಣವರ್ಣವನ್ನು ಸಾಧಿಸಿದರು. ಅಂದಹಾಗೆ ೫೧೨ನ್ನು ೫೧೨ರಿಂದ ಗುಣಿಸಿದರೆ ಬರುವುದು ಮ್ಯಾಂಚೆಸ್ಟರಿನ ಆ ೨,೬೨,೧೪೪ ಎಂಬ ಸಂಖ್ಯೆಯೇ. ಷೂಪ್ ಅವರಿಗೂ ಜೆರಾಕ್ಸ್ ಕಂಪೆನಿಗೂ ಸೂಪರ್‌ಪೇಂಟಿಗಾಗಿ ಎಮ್ಮಿ ಪ್ರಶಸ್ತಿಯು ೧೯೮೩ರಲ್ಲಿ ಬಂದಿತು.

ಅದೇ ಸಂಶೋಧನಾಲಯದಲ್ಲಿ ಅದೇ ೧೯೭೩ರಲ್ಲಿ ಚಕ್ ಥ್ಯಾಕರ್ ಮೊದಲಾದವರು ಆಲ್ಟೋ ಎಂಬ ಕಂಪ್ಯೂಟರನ್ನು ಕಟ್ಟಿದರು. ಅದರದು ಕಾಗದದ ಹಾಳೆಯಂತೆ ನಿಂತ ತೆರೆ. ಅಡ್ಡಲಾಗಿ ೬೦೬ ಚುಕ್ಕಿ, ಉದ್ದಕ್ಕೆ ೮೦೮. ಬಣ್ಣವಿಲ್ಲದ ಕಪ್ಪುಬಿಳುಪಿನ ಚಿತ್ರವಾದರೂ ಅದಕ್ಕೆ ಯಂತ್ರದ ಮೆಮೊರಿಯಲ್ಲಿ ಸುಮಾರು ಅರ್ಧವು ಹೋಗುತ್ತಿತ್ತು. ಪ್ರತ್ಯೇಕವಾದ ಓದುಗನಿಲ್ಲದೆ ಲೆಕ್ಕಮಾಡುವ ಭಾಗವೇ ಓದಿನ ಕೆಲಸವನ್ನೂ ಹೊತ್ತಿದ್ದುದರಿಂದ ಅದರ ಕಾಲದ ಬಹುಪಾಲು ತೆರೆಗೇ ಸಮರ್ಪಿತವಾಗುತ್ತಿತ್ತು. ದುಡಿಯುವವನೇ ಅಡಿಗೆಯನ್ನೂ ಮಾಡಿಕೊಳ್ಳುವ ಸಂಸಾರದಂತೆ!

ಇನ್ನು ಬಡವರ ಯಂತ್ರಗಳು. ೧೯೭೭ರಲ್ಲಿ ಅಟಾರಿ ಕಂಪೆನಿಯು ಮನೆಯಲ್ಲಿ ಆಡುವ ಆಟದ ಪೆಟ್ಟಿಗೆಯೊಂದನ್ನು ಮಾರಾಟಕ್ಕೆ ತಂದಿತು. ಅದರ ಮೆಮೊರಿಯು ಒಟ್ಟು ೧೨೮ ಬೈಟುಗಳು. ಚಿತ್ರಸ್ಮೃತಿಯೆಂಬುದು ಅಲ್ಲಿ ಇರಲೇ ಇಲ್ಲ. ಕಿರಣವು ಒಂದು ಸಾಲನ್ನು ದಾಟುವುದರೊಳಗೆ ಪ್ರೊಸೆಸರಿಗೆ ದೊರೆಯುತ್ತಿದ್ದುದು ೭೬ ಹೆಜ್ಜೆ. ಅಷ್ಟರಲ್ಲಿ ಆ ಸಾಲಿಗೆ ಬೇಕಾದುದನ್ನು ಒದಗಿಸಿ ಮುಂದಿನ ಸಾಲಿಗೆ ಅಣಿಯಾಗಬೇಕು. ಆಟದ ಲೆಕ್ಕಗಳನ್ನು ಮಾಡುವುದು ಯಾವಾಗ? ಕಿರಣವು ಕತ್ತಲಲ್ಲಿ ಕೆಳಗಿನಿಂದ ಮೇಲಕ್ಕೆ ಮರಳುವಾಗ. ಎಂದರೆ ಇಲ್ಲಿ ಸ್ಮೃತಿಯಿಲ್ಲದ ಆಶುಕವಿಯು ಸಭೆಯ ಎದುರಿಗೆ ನಿಂತು ಪಾದಪಾದವಾಗಿ ಪದ್ಯವನ್ನು ಕಟ್ಟುತ್ತಿದ್ದನು.

ಅದೇ ವರ್ಷದ ಆಪಲ್ ಯಂತ್ರದಲ್ಲಿ ಸ್ಟೀವ್ ವಾಜ್ನಿಯಾಕ್ ಅವರು ಮಾಡಿದ ಏರ್ಪಾಡು ಈ ಚರಿತ್ರೆಯಲ್ಲೆಲ್ಲಾ ಅತ್ಯಂತ ಸರಸವಾದುದೆಂದು ನನ್ನ ಭಾವನೆ. ಅವರು ಆರಿಸಿಕೊಂಡಿದ್ದ ೬೫೦೨ ಎಂಬ ಪ್ರೊಸೆಸರು ಗಡಿಯಾರದ ಪ್ರತಿಯೊಂದು ಮಿಡಿತದ ಅರ್ಧಭಾಗದಲ್ಲಿ ಮಾತ್ರ ಮೆಮೊರಿಯನ್ನು ಮುಟ್ಟುತ್ತಿತ್ತು. ಉಳಿದರ್ಧದಲ್ಲಿ ತೆರೆಗಾಗಿ ಓದಲು ಬಿಟ್ಟರೆ ಇಬ್ಬರಿಗೂ ಜಗಳವಿಲ್ಲ, ಯಾರೂ ಕಾಯಬೇಕಾಗಿಲ್ಲ. ಸಾಲದುದಕ್ಕೆ, ಈ ಜಾತಿಯ ಮೆಮೊರಿಯ ಚಿಪ್ಪುಗಳಲ್ಲಿಯೂ ಆವೇಶವು ಸೋರುವುದರಿಂದ ಆಗಾಗ ಓದಿ ಪುನಃ ತುಂಬಬೇಕು. ತೆರೆಗಾಗಿ ನಡೆಯುವ ನಿರಂತರವಾದ ಓದಿನಿಂದಲೇ ಆ ಕೆಲಸವೂ ತೀರಿಹೋಗುತ್ತಿತ್ತು. ಇದಕ್ಕೆಂದು ಸಾಲುಗಳನ್ನು ಮೆಮೊರಿಯಲ್ಲಿ ಕ್ರಮವಾಗಿ ಇಡದೆ ವಿಚಿತ್ರವಾಗಿ ಚದರಿಸಿಟ್ಟಿದ್ದರು. ಕಾರ್ಯಕ್ರಮ ಬರೆಯುವವರು ಅದನ್ನು ಶಪಿಸಿದ್ದೂ ಉಂಟು.

ಜಗಳವು ಬಗೆಹರಿಯದೆ ಉಳಿದರೆ ಏನಾಗುವುದೆಂಬುದನ್ನು ೧೯೮೧ರಲ್ಲಿ ಬಂದ ಐಬಿಎಮ್ ಪಿ.ಸಿ. ಯಂತ್ರದ ಬಣ್ಣದ ಕಾರ್ಡಿನಲ್ಲಿ ಕಣ್ಣಾರೆ ಕಾಣಬಹುದಾಗಿತ್ತು. ಸಾಲಿಗೆ ೮೦ ಅಕ್ಷರಗಳನ್ನು ತೋರಿಸುವಾಗ ಪ್ರೊಸೆಸರು ಚಿತ್ರಸ್ಮೃತಿಗೆ ಕೈಹಾಕಿದರೆ, ಆ ಕ್ಷಣದಲ್ಲಿ ತೆರೆಯ ಓದುಗನಿಗೆ ಸರಿಯಾದ ಅಂಕಿಯು ಸಿಕ್ಕದೆ ತೆರೆಯ ಮೇಲೆ ಹಿಮದ ಹರಳುಗಳಂತೆ ಚೂರುಗಳು ಮಿಂಚುತ್ತಿದ್ದವು. ಇದನ್ನು ತಪ್ಪಿಸುವುದಕ್ಕೆ ಕಿರಣವು ಕತ್ತಲಲ್ಲಿ ಮರಳುವ ಹೊತ್ತನ್ನು ಕಾದು ಬರೆಯುತ್ತಿದ್ದರು.

ಇದೇ ಕಾರ್ಡಿನ ಪ್ರಸಂಗದಲ್ಲಿ ನಮ್ಮ ಲಿಪಿಯ ಮಾತೂ ಬರುತ್ತದೆ. ಮೆಮೊರಿಯನ್ನು ಉಳಿಸುವುದಕ್ಕೆಂದು ಆ ಯಂತ್ರಗಳು ಬರಹವನ್ನು ಚುಕ್ಕಿಗಳಾಗಿ ಇಡುತ್ತಿರಲಿಲ್ಲ. ತೆರೆಯನ್ನು ೮೦ಕ್ಕೆ ೨೫ರಂತೆ ೨,೦೦೦ ಮನೆಗಳಾಗಿ ವಿಭಾಗಿಸಿ, ಮನೆಗೊಂದು ಅಕ್ಷರದ ಸಂಖ್ಯೆಯನ್ನೂ ಅದರ ಬಣ್ಣವನ್ನೂ ಬರೆದರೆ ೪,೦೦೦ ಬೈಟಿನಲ್ಲಿ ಪುಟವು ಮುಗಿಯಿತು. ಅಕ್ಷರಗಳ ಆಕಾರಗಳು ಬದಲಿಸಲಾಗದಂತೆ ಬೇರೊಂದು ಚಿಪ್ಪಿನಲ್ಲಿ ಕೆತ್ತಿರುತ್ತಿದ್ದವು. ಅವು ೨೫೬, ಒಂದೊಂದಕ್ಕೂ ಅಗಲ ಎಂಟು ಚುಕ್ಕಿ, ಎತ್ತರ ಎಂಟು ಚುಕ್ಕಿ. ಇಂಗ್ಲಿಷಿಗೆ ಇದು ಧಾರಾಳವಾಯಿತು. ಕನ್ನಡದಲ್ಲಿಯಾದರೋ ೩೪ ವ್ಯಂಜನಗಳಿಗೆ ೧೨ ಸ್ವರಗಳನ್ನು ಕೂಡಿಸಿದರೇ ೪೦೮ ಆಕಾರಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕವಿನ್ನೂ ಬಂದಿಲ್ಲ. ‘ಸ್ತ್ರೀ’ ಎಂಬ ಒಂದಕ್ಷರವನ್ನು ಎಂಟು ಚುಕ್ಕಿಗಳ ಎತ್ತರದಲ್ಲಿ ಬರೆಯಲು ಯಾರಾದರೂ ಪ್ರಯತ್ನಿಸಿ ನೋಡಲಿ! ಅಚ್ಚಿನ ಮೊಳೆಗೂ ಕಲ್ಲಚ್ಚಿಗೂ ಇರುವ ಭೇದವೇ ಇಲ್ಲಿಯದು. ಮೊಳೆಯ ಪೆಟ್ಟಿಗೆಯಲ್ಲಿ ಇಲ್ಲದ ಅಕ್ಷರವು ಪುಟದಲ್ಲಿಯೂ ಇಲ್ಲ. ಕಲ್ಲಿನ ಮೇಲಾದರೆ ಬರೆದುದೆಲ್ಲವೂ ಮೂಡುತ್ತದೆ. ಚುಕ್ಕಿಗಳ ಚಿತ್ರಸ್ಮೃತಿಯು ಕಲ್ಲಚ್ಚಿನಂಥದು. ಅದಕ್ಕೆ ಅಕ್ಷರವೆಂಬುದೇ ಗೊತ್ತಿಲ್ಲವಾದುದರಿಂದ ಇಂಗ್ಲಿಷು ಕನ್ನಡಗಳೆಂಬ ಪಕ್ಷಪಾತವೂ ಗೊತ್ತಿಲ್ಲ. ಕಾನ್ಪುರದ ಐಐಟಿಯಲ್ಲಿ ಬೆಳೆದು, ಪುಣೆಯಲ್ಲಿ ೧೯೮೮ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯ ಮೂಲಕ ಪ್ರಚಾರಕ್ಕೆ ಬಂದ ಜಿಸ್ಟ್ ಎಂಬ ಕಾರ್ಡು, ಇಂಗ್ಲಿಷ್ ಅಕ್ಷರಗಳಿಗೆಂದೇ ಬರೆದ ಕಾರ್ಯಕ್ರಮಗಳಲ್ಲಿಯೂ ಭಾರತದ ಲಿಪಿಗಳನ್ನು ತೆರೆಗೆ ತರುತ್ತಿತ್ತು. ಅದು ಮೊಳೆಯ ಪೆಟ್ಟಿಗೆಯ ಕಾಲದಲ್ಲಿ ಕಂಡುಕೊಂಡ ಉಪಾಯ. ಚುಕ್ಕಿಗಳ ತೆರೆಯು ಸಾಮಾನ್ಯವಾದಮೇಲೆ ಅಂಥ ಕಾರ್ಡಿನ ಆವಶ್ಯಕತೆಯೇ ತಪ್ಪಿತು. ಮೆಮೊರಿಯ ಬೆಲೆಯು ಇಳಿಯದಿದ್ದರೆ ಕನ್ನಡಕ್ಕೆ ಈ ಬಿಡುಗಡೆಯು ಸುಲಭವಾಗಿ ದೊರೆಯುತ್ತಿರಲಿಲ್ಲ.

ಐಬಿಎಮ್ ಸಂಶೋಧಕರಾದ ಡಿಲ್, ಲಿಂಗ್, ಮ್ಯಾಟಿಕ್ ಎಂಬ ಮೂವರು ಈ ನಡುವೆ ಮೆಮೊರಿಯ ಚಿಪ್ಪಿಗೆ ಎರಡು ಬಾಗಿಲುಗಳನ್ನಿಡುವ ಉಪಾಯವನ್ನು ಕಂಡುಹಿಡಿದು ೧೯೮೫ರಲ್ಲಿ ಪೇಟೆಂಟ್ ಪಡೆದರು. ಒಂದು ಬಾಗಿಲು ಬರೆಯುವವನಿಗೆ. ಇನ್ನೊಂದು ಬಾಗಿಲಿನಲ್ಲಿ ಒಂದು ಶಿಫ್ಟ್ ರಿಜಿಸ್ಟರು. ಸ್ಮೃತಿಯ ಒಂದು ಸಾಲು ಒಂದೇ ಏಟಿಗೆ ಅದಕ್ಕೆ ಇಳಿದುಬಿಟ್ಟರೆ, ಅಲ್ಲಿಂದ ಚುಕ್ಕಿಚುಕ್ಕಿಯಾಗಿ ತೆರೆಗೆ ಹರಿಯುತ್ತದೆ. ಷೂಪ್ ಅವರ ಘಟೀಯಂತ್ರವೇ ಸಣ್ಣದಾಗಿ ಬಾಗಿಲಿನ ಸೇವಕನಾಗಿ ಮರಳಿ ಬಂದಿತು. ೧೯೯೦ರ ದಶಕದಲ್ಲಿ ಸಾಧಾರಣ ಮೆಮೊರಿಯೇ ಅತಿವೇಗವನ್ನು ಪಡೆದುದರಿಂದ ಈ ಎರ‍ಡು ಬಾಗಿಲಿನ ಚಿಪ್ಪು ಮರೆಯಾಯಿತು. ಐಬಿಎಮ್ಮಿನದೇ ಆದ, ೧೯೮೭ರ ವಿಜಿಎ ಎಂಬ ಏರ್ಪಾಡಿನಲ್ಲಿ ಒಂದು ವಿನೋದವುಂಟು. ಅಲ್ಲಿ ಚುಕ್ಕಿಯ ಅಂಕಿಯೇ ಬಣ್ಣವಲ್ಲ. ಅಂಕಿಯು ಶಬ್ದ, ಬಣ್ಣವು ಅರ್ಥ. ಯಾವ ಶಬ್ದಕ್ಕೆ ಯಾವ ಅರ್ಥವೆಂಬ ಸಂಕೇತವು ಬೇರೊಂದು ಕೋಶದಲ್ಲಿದ್ದು, ಕೋಶವನ್ನು ತಿದ್ದಿದರೆ ಚಿತ್ರವನ್ನು ಮುಟ್ಟದೆಯೇ ಬಣ್ಣವೆಲ್ಲ ಬದಲಾಗುತ್ತಿತ್ತು. ಇಂಥ ಕೋಶವು ಸೂಪರ್‌ಪೇಂಟಿನಲ್ಲಿಯೇ ಇದ್ದಿತು. ವಿಜಿಎಯಲ್ಲಿ ಆರಿಸಲು ಇದ್ದ ಬಣ್ಣಗಳೆಷ್ಟು? ೨,೬೨,೧೪೪!

ಓದುವವನು ಅರ್ಧಕ್ಕೆ ಬಂದಾಗ ಬರೆಯುವವನು ಹೊಸ ಚಿತ್ರವನ್ನು ತುಂಬಿದರೆ, ತೆರೆಯ ಮೇಲರ್ಧದಲ್ಲಿ ಹಳೆಯ ಚಿತ್ರವೂ ಕೆಳಗೆ ಹೊಸದೂ ಕಂಡು ನಡುವೆ ಹರಿದಂತಾಗುತ್ತದೆ. ಇದಕ್ಕೆ ಪರಿಹಾರ ಎರಡು ಪಟ್ಟಿಗಳು. ಕಂಪೆನಿ ನಾಟಕಗಳಲ್ಲಿ ಮುಂದಿನ ಪರದೆಯ ಎದುರಿಗೆ ಹಾಸ್ಯದ ದೃಶ್ಯವು ನಡೆಯುತ್ತಿರುವಾಗ ಹಿಂದೆ ದರ್ಬಾರಿನ ಸೀನು ಸಿದ್ಧವಾಗುತ್ತಿರಲಿಲ್ಲವೇ? ಹಾಗೆಯೇ ಒಂದನ್ನು ಓದುತ್ತಿರುವಾಗ ಇನ್ನೊಂದನ್ನು ಬರೆದು, ಕಿರಣವು ಮೇಲಕ್ಕೆ ಮರಳುವ ಕತ್ತಲಿನಲ್ಲಿ ಅದಲುಬದಲು ಮಾಡುವುದು.

ಈಗ ಗಾಜಿನ ನಳಿಗೆಯೂ ಕಿರಣವೂ ಮನೆಗಳಿಂದ ಹೊರಟುಹೋಗಿವೆ. ಚಪ್ಪಟೆಯ ತೆರೆಯಲ್ಲಿ ಚುಕ್ಕಿಚುಕ್ಕಿಗೂ ಸ್ವಂತ ಟ್ರಾನ್ಸಿಸ್ಟರು ಇದ್ದು, ಕೊಟ್ಟ ಬೆಳಕನ್ನು ಮುಂದಿನ ಸರದಿಯವರೆಗೆ ಹಿಡಿದಿಡುತ್ತದೆ. ಅಲಾತಚಕ್ರದ ದೃಷ್ಟಾಂತವು ಅದಕ್ಕೆ ಪೂರ್ತಿಯಾಗಿ ಹೊಂದದು. ಓದು ಮಾತ್ರ ನಿಂತಿಲ್ಲ. ೧,೯೨೦ಕ್ಕೆ ೧,೦೮೦ರ ತೆರೆಗೆ ಚುಕ್ಕಿಗೆ ನಾಲ್ಕು ಬೈಟಿನಂತೆ, ಸೆಕೆಂಡಿಗೆ ೬೦ ಸಲದಂತೆ, ೪೯,೭೬,೬೪,೦೦೦ ಬೈಟುಗಳನ್ನು ಓದಬೇಕು. ಆಶ್ಚರ್ಯವೆಂದರೆ, ಎಚ್‌ಡಿಎಮ್ಐ ತಂತಿಯ ಮೂಲಕ ಈ ಚಿತ್ರವನ್ನು ಕಳುಹಿಸುವಾಗ ಸಾಲಿಗೆ ೧,೯೨೦ಕ್ಕೆ ಬದಲಾಗಿ ೨,೨೦೦ ಚುಕ್ಕಿಗಳ ಕಾಲವನ್ನೂ, ೧,೦೮೦ಕ್ಕೆ ಬದಲಾಗಿ ೧,೧೨೫ ಸಾಲುಗಳ ಕಾಲವನ್ನೂ ಲೆಕ್ಕಹಿಡಿಯುತ್ತಾರೆ. ಸೆಕೆಂಡಿಗೆ ೧೪,೮೫,೦೦,೦೦೦ ಚುಕ್ಕಿಗಳ ಕಾಲ. ಅದರಲ್ಲಿ ಸುಮಾರು ಆರನೆಯ ಒಂದು ಪಾಲು ಬರಿದು. ಇಲ್ಲದ ಕಿರಣವು ಹಿಂದಿರುಗಲೆಂದು ಬಿಟ್ಟ ಬಿಡುವು! ಶ್ರಾದ್ಧದ ದಿನ ಕಾಟಕೊಡುತ್ತಿದ್ದ ಬೆಕ್ಕನ್ನು ತಂದೆಯು ಬುಟ್ಟಿಯಡಿ ಮುಚ್ಚಿಟ್ಟದ್ದನ್ನು ಕಂಡಿದ್ದ ಮಗನು, ತಾನು ಶ್ರಾದ್ಧ ಮಾಡುವಾಗ ಎಲ್ಲಿಂದಲೋ ಒಂದು ಬೆಕ್ಕನ್ನು ಹಿಡಿದು ತಂದು ಮುಚ್ಚಿದ ಕಥೆಯು ವಾಚಕರಿಗೆ ನೆನಪಾಗಬಹುದು. ಆದರೆ ಈ ಬೆಕ್ಕನ್ನು ಅಷ್ಟು ಸುಲಭವಾಗಿ ಪರಿಹಾಸ ಮಾಡುವಂತಿಲ್ಲ. ೨೦೦೨ರಲ್ಲಿ ಎಚ್‌ಡಿಎಮ್ಐ ಪದ್ಧತಿಯನ್ನು ನಿಯಮಿಸಿದವರು ಚಿತ್ರದ ಜೊತೆಗೆ ಧ್ವನಿಯನ್ನೂ ಅದೇ ತಂತಿಯಲ್ಲಿ ಕಳುಹಿಸಬೇಕಾದಾಗ, ಅದಕ್ಕೆ ಈ ಬರಿದಾದ ಅವಧಿಗಳಲ್ಲಿಯೇ ಸ್ಥಳವನ್ನು ಕಲ್ಪಿಸಿದರು. ತೆರೆಯ ಮೇಲೆ ಹಾಡುವವರ ಮುಖವು ಸಾಲುಗಳಲ್ಲಿ ಬರುತ್ತಿದ್ದರೆ, ಅವರ ಕಂಠವು ಸಾಲುಗಳ ನಡುವಣ ಕತ್ತಲಿನಲ್ಲಿ ಬರುತ್ತಿರುತ್ತದೆ.